ನಗೆಯ ಕಂತಿಗೆ ಸಾಕ್ಷಿ ಯಾರು?



"ಸಿನಿಮಾ ಬಗ್ಗೆ ಬರೀತೀರಿ, ಪುಸ್ತಕದ ಬಗ್ಗೆ ಬರೀತೀರಿ. ವಾರ ವಾರ ಮನೆಮಂದಿಯೆಲ್ಲ ಕೂತು ನೋಡೋ ಟೀವಿ ಕಾಮಿಡಿ ಶೋಗಳ ಬಗ್ಗೆ ಯಾಕೆ ಬರೆಯೋದಿಲ್ಲ? ಒಂದೊಂದು ಎಪಿಸೋಡನ್ನೂ ಹಿಡಿದು ವಿಮರ್ಶೆ ಮಾಡಬಾರದೇ?" ಪುಣೆಯ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಕೊಂಢವಾ ಕಡೆಯವರಂತೂ ಸ್ವಲ್ಪ ಜೋರಾಗಿಯೇ ಕೇಳುತ್ತಾರೆ. ಕೇಳುವುದು ಸರಿಯೇ. ಆದರೆ ಹಾಸ್ಯದ ಕಂತಿನ ವಿಮರ್ಶೆ ಅಂದರೆ ಐದಕ್ಕೆ ಮೂರೂವರೆ ಸ್ಟಾರ್ ಕೊಟ್ಟು ಕೈತೊಳೆದುಕೊಳ್ಳುವ ಕೆಲಸವಲ್ಲ. ಅದಕ್ಕೊಂದು ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ನ್ಯೂಯಾರ್ಕ್ ಇದೆ, ಸಿಂಹಗಡ ಇದೆ, ನಮ್ಮ ಕಲಬುರಗಿ-ರಾಯಚೂರು ಸೀಮೆಯ ಹಳ್ಳಿಗಳೂ ಇವೆ. ಈ ಸಲ ಅದನ್ನೇ ಹೇಳೋಣ ಅಂತ.

ಕೊಂಢವಾ ನೋಡದವರಿಗೆ ಎರಡು ಮಾತು. ಖುರ್ದ್ ಒಂದು, ಬುದ್ರುಕ್ ಒಂದು, ಹೀಗೆ ಎರಡು ಹಳ್ಳಿ ಸೇರಿ ಬೆಳೆದ ಬಡಾವಣೆ. ಒಂದು ಕಡೆ ಬ್ಯಾಂಕ್ ಅಧಿಕಾರಿಗಳಿಗೆ ಪಾಠ ಹೇಳುವ ಎನ್‌ಐಬಿಎಂ ಸಂಸ್ಥೆ, ಅದರ ಹೆಸರಿನದೇ ರಸ್ತೆ, ರಸ್ತೆಯ ಇಕ್ಕೆಲಗಳಲ್ಲಿ ಆಕಾಶ ಮುಟ್ಟುವ ಅಪಾರ್ಟ್‌ಮೆಂಟುಗಳು. ಇನ್ನೊಂದು ಕಡೆ ಕೌಸರ್ ಬಾಗ್, ಅಲ್ಲಿನ ಬಿರಿಯಾನಿ ಅಂಗಡಿಗಳು, ಉರ್ದು ಬೋರ್ಡುಗಳು. ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಬೆಂಗಳೂರು-ಮೈಸೂರಿನ ಸಾಫ್ಟ್‌ವೇರ್ ಕನ್ನಡ. ಕೆಳಗೆ ಪಕ್ಕದ ಸೈಟಿನಲ್ಲಿ ಹನ್ನೆರಡನೇ ಮಹಡಿ ಕಟ್ಟುತ್ತಿರುವವರ ಪತ್ರಾಸ್ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ. ಎರಡಕ್ಕೂ ನಡುವೆ ಮರಾಠಿ, ಹಿಂದಿ, ದಖ್ಖನಿ. ಸಂಜೆ ಏಳರ ನಂತರ ಎರಡು ಕಡೆಯೂ ಕಾಮಿಡಿ ಸ್ಕಿಟ್ಟುಗಳ ಸದ್ದು ಕೇಳುತ್ತದೆ. ಮೇಲೆ ದೊಡ್ಡ ಟೀವಿಯಲ್ಲಿ, ಕೆಳಗೆ ಮೊಬೈಲಿನಲ್ಲಿ. ನಗು ಒಂದೇ ಅನ್ನಿಸುತ್ತದೆ. ಒಂದೇನಾ? ಅದನ್ನು ಆಮೇಲೆ ನೋಡೋಣ.

ಈಗ ಕಾಲ ಸ್ವಲ್ಪ ಹಿಂದಕ್ಕೆ. 1975ರ ಅಕ್ಟೋಬರ್ 11, ಶನಿವಾರ ರಾತ್ರಿ ಹನ್ನೊಂದೂವರೆ. ನ್ಯೂಯಾರ್ಕಿನ ಎನ್‌ಬಿಸಿ ಸ್ಟುಡಿಯೋದಿಂದ ಒಂದು ಹೊಸ ಕಾರ್ಯಕ್ರಮ ಶುರುವಾಯಿತು. ನಿರ್ಮಾಪಕ ಲಾರ್ನ್ ಮೈಕೇಲ್ಸ್, ಮೊದಲ ರಾತ್ರಿಯ ಅತಿಥಿ ನಿರೂಪಕ ಜಾರ್ಜ್ ಕಾರ್ಲಿನ್. ಇಂದು ಜಗತ್ತು ಅದನ್ನು 'ಸ್ಯಾಟರ್ಡೇ ನೈಟ್ ಲೈವ್' ಎಂದು ಕರೆಯುತ್ತದೆ. ತಮಾಷೆಯೆಂದರೆ ಆ ಹೆಸರು ಆಗ ಅವರದಾಗಿರಲಿಲ್ಲ. ಕೆಲವೇ ವಾರ ಮೊದಲು ಎದುರಾಳಿ ಚಾನೆಲ್ ಎಬಿಸಿ ಅದೇ ಹೆಸರಿನಲ್ಲಿ ಇನ್ನೊಂದು ಕಾರ್ಯಕ್ರಮ ಶುರುಮಾಡಿತ್ತು. ಅದು 1976ರ ಜನವರಿಗೇ ನಿಂತುಹೋಯಿತು, ಹೆಸರು ಇವರಿಗೆ ದಕ್ಕಿತು!

ಅದರಲ್ಲಿ ಅಂಥ ವಿಶೇಷ ಏನು? ಸೋಮವಾರ ಕೂತು ಯೋಚನೆ, ವಾರದ ನಡುವೆ ಬರವಣಿಗೆ, ಶನಿವಾರ ಸಂಜೆ ಪ್ರೇಕ್ಷಕರ ಎದುರೇ ಒಂದು ಪೂರ್ತಿ ತಾಲೀಮು. ಆ ತಾಲೀಮಿನಲ್ಲಿ ಜನ ನಗದ ಸ್ಕಿಟ್ಟುಗಳಿಗೆ ಅಲ್ಲೇ ಕತ್ತರಿ. ಉಳಿದದ್ದು ರಾತ್ರಿ ನೇರ ಪ್ರಸಾರ. ನಟ ಮಾತು ಮರೆತರೆ ದೇಶವೇ ನೋಡುತ್ತದೆ, ನಗು ತಡೆಯಲಾಗದೆ ಮುಖ ತಿರುಗಿಸಿದರೂ ನೋಡುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ರಿಚರ್ಡ್ ಪ್ರಯರ್ ಎಂಬ ಕಪ್ಪು ವರ್ಣೀಯ ಹಾಸ್ಯಗಾರ ಅತಿಥಿಯಾಗಿ ಬಂದಾಗ ಚಾನೆಲ್ಲಿನವರಿಗೆ ಎದೆ ಡವಡವ. ಅವನು ಏನು ಅಂದುಬಿಡುತ್ತಾನೋ ಎಂದು ಪ್ರಸಾರವನ್ನು ಕೆಲವು ಸೆಕೆಂಡು ತಡ ಮಾಡಿದರು. ನೇರ ಪ್ರಸಾರಕ್ಕೂ ಮುನ್ನೆಚ್ಚರಿಕೆಯ ಪ್ರಸಾರಕ್ಕೂ ನಡುವಿನ ಅಂತರ ಆ ಕೆಲವು ಸೆಕೆಂಡುಗಳೇ ನೋಡಿ. ಅದೇ ಕಾರ್ಯಕ್ರಮದಲ್ಲಿ ಚೆವಿ ಚೇಸ್ ಎಂಬ ನಟ ಅಧ್ಯಕ್ಷ ಫೋರ್ಡ್ ಅವರನ್ನು ಮೆಟ್ಟಿಲು ಮೆಟ್ಟಿಲಿಗೂ ಎಡವಿ ಬೀಳುವ ಮನುಷ್ಯನನ್ನಾಗಿ ಮಾಡಿದ. 1976ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಪತ್ರಿಕಾ ಕಾರ್ಯದರ್ಶಿಯೇ ಬಂದು ಆ ಕಾರ್ಯಕ್ರಮ ನಡೆಸಿಕೊಟ್ಟ!

ಆ ಹೊತ್ತಿಗೆ ನಮ್ಮಲ್ಲಿ ತುರ್ತುಪರಿಸ್ಥಿತಿ. ಸರ್ಕಾರಿ ಟೀವಿಯಲ್ಲಿ ಪ್ರಧಾನಿ ಎಡವುವ ಸ್ಕಿಟ್ಟು? ಬಿಡಿ.

ಆದರೆ ಅದೇ 1975ರಲ್ಲಿ ನಮ್ಮಲ್ಲೂ ಒಂದು ದೊಡ್ಡ ಸಂಗತಿ ನಡೆಯಿತು. ನ್ಯೂಯಾರ್ಕಿನ ಆ ರಾತ್ರಿಗೆ ಎರಡು ತಿಂಗಳು ಮೊದಲೇ, ಆಗಸ್ಟ್ 1ಕ್ಕೆ. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು ಇಸ್ರೋ ಮತ್ತು ಆಕಾಶವಾಣಿ ಸೇರಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ತೋರಿಸಿದವು. 'ಸೈಟ್' ಪ್ರಯೋಗ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬೆಂಗಳೂರಲ್ಲ, ಮೈಸೂರಲ್ಲ. ಆಗಿನ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಛತ್ರಿ, ಊರಿಗೆಲ್ಲ ಒಂದೇ ಟೀವಿ ಪೆಟ್ಟಿಗೆ, ಎದುರಿಗೆ ನೆಲದ ಮೇಲೆ ಕೂತ ಊರು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಕನ್ನಡ ಟೀವಿ ನೋಡಿದವರು ಹಟ್ಟಿ, ಸುರಪುರ, ಸಿಂದಗಿ ಸೀಮೆಯ ಕಡೆಯವರು. ಕೊಂಢವಾದ ಪತ್ರಾಸ್ ಶೆಡ್ಡುಗಳಿಗೆ ಇಂದು ಜನ ಬರುತ್ತಿರುವುದೂ ಅದೇ ಜಿಲ್ಲೆಗಳಿಂದ. ಆಗ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಅರವತ್ತು ದಾಟಿದೆ.

ಇಷ್ಟೇ ಅಲ್ಲ. ಕಾರ್ಯಕ್ರಮ ನೋಡಿ ಜನ ಏನಂದರು ಎಂದು ಬರೆದಿಟ್ಟುಕೊಳ್ಳಲು ಇಸ್ರೋ ಸಂಶೋಧಕರನ್ನು ಹಳ್ಳಿಗಳಿಗೆ ಕಳಿಸಿತ್ತು. ಕೆಲವು ಮಾನವಶಾಸ್ತ್ರಜ್ಞರು ತಿಂಗಳುಗಟ್ಟಲೆ ಹಳ್ಳಿಯಲ್ಲೇ ಉಳಿದರು. ಯಾವುದಕ್ಕೆ ಜನ ಕೂತರು, ಯಾವುದಕ್ಕೆ ಎದ್ದುಹೋದರು, ಯಾವುದು ಅರ್ಥವಾಗಲಿಲ್ಲ, ಎಲ್ಲ ಬರೆದುಕೊಂಡರು. ಆಡಿ-ಹಾಡುವ ಕಾರ್ಯಕ್ರಮಗಳಿಗಿಂತ ದನದ ರೋಗ, ಬೆಳೆ, ಆರೋಗ್ಯದ ಕಾರ್ಯಕ್ರಮಗಳನ್ನೇ ಹಳ್ಳಿಗರು ಹೆಚ್ಚು ಇಷ್ಟಪಟ್ಟರು ಎಂಬುದು ಆ ಅಧ್ಯಯನದಿಂದ ಹೊರಬಿದ್ದ ಒಂದು ಮಾತು. ಪಟ್ಟಣದವರಿಗೆ ಅದು ಆಶ್ಚರ್ಯ. ನನಗೇನೂ ಅಲ್ಲ. ಹಳ್ಳಿಗೆ ಮನರಂಜನೆ ಮೊದಲೇ ಇತ್ತು, ಪಶುವೈದ್ಯರು ಇರಲಿಲ್ಲ ಅಷ್ಟೇ. ಇರಲಿ, ನಾನು ಹೇಳಬೇಕೆಂದಿದ್ದು ಇಷ್ಟು: ಕನ್ನಡದಲ್ಲಿ ಟೀವಿಯ ಕಂತುಗಳನ್ನು ಮೊಟ್ಟಮೊದಲು ವಿಮರ್ಶೆ ಮಾಡಿದವರು ಯಾವ ಪತ್ರಿಕೆಯ ಅಂಕಣಕಾರರೂ ಅಲ್ಲ. ಅಂಗಳದಲ್ಲಿ ಕೂತ ಈ ಮಂದಿ. 1976ರ ಜುಲೈ 31ಕ್ಕೆ ಒಂದು ವರ್ಷದ ಪ್ರಯೋಗ ಮುಗಿಯಿತು. ಮುಂದಿನ ವರ್ಷ, 1977ರಲ್ಲಿ, ಗುಲಬರ್ಗಾದಲ್ಲೇ ಟೀವಿ ಪ್ರಸಾರ ಕೇಂದ್ರ ಬಂತು.

ಇನ್ನು ನಮ್ಮ ಪುಣೆ. ಮುಂಬಯಿಯಲ್ಲಿ ಟೀವಿ ಶುರುವಾದದ್ದು 1972ರ ಅಕ್ಟೋಬರ್ 2ಕ್ಕೆ. ಒಂದು ವರ್ಷದ ನಂತರ ಸಿಂಹಗಡದ ಮೇಲೆ ಮರುಪ್ರಸಾರದ ಗೋಪುರ ನಿಂತು ಪುಣೆಗೂ ಚಿತ್ರ ಬಂತು. ಶಿವಾಜಿಯ ಕೋಟೆಯಿಂದ ಚಿಮಣರಾವ್ ಇಳಿದು ಬಂದ ಅನ್ನಿ! ಪುಣೆಯಲ್ಲೇ ಹುಟ್ಟಿದ ಚಿ. ವಿ. ಜೋಶಿಯವರ ಕಥೆಗಳ ಚಿಮಣರಾವ್-ಗುಂಡ್ಯಾಭಾವು ಜೋಡಿ ಎಪ್ಪತ್ತರ ದಶಕದ ಕೊನೆಗೆ ಟೀವಿಗೆ ಬಂದಾಗ ಚಿಮಣರಾವ್ ಆದದ್ದು ದಿಲೀಪ್ ಪ್ರಭಾವಳಕರ್, ಗುಂಡ್ಯಾಭಾವು ಆದದ್ದು ಬಾಳ ಕರ್ವೆ. ಅದೇ ಕಾಲದಲ್ಲಿ ವಿನಾಯಕ ಚಾಸಕರ್ ನಿರ್ಮಾಣದ 'ಗಜರಾ' ಇತ್ತು. ಚಿಕ್ಕ ಪ್ರಹಸನ, ನಾಟ್ಯಛಟಾ, ಹಾಡು, ಚುಟುಕು, ಎಲ್ಲ ಒಂದೇ ದಾರದಲ್ಲಿ. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಸ್ಕೆಚ್ ಕಾಮಿಡಿಯೇ. ಪುಣೆಯ ಕನ್ನಡ ಮನೆಗಳು ಟೀವಿಯ ಎದುರು ನಗಲು ಕಲಿತದ್ದು ಹೀಗೆ ಮರಾಠಿಯಲ್ಲಿ.

ಅದರಲ್ಲೇನೂ ಪರಕೀಯತೆ ಇರಲಿಲ್ಲ. ಪುಣೆಯವರಿಗೆ ಮನೆಮಾತಾದ ಪು. ಲ. ದೇಶಪಾಂಡೆ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು. 'ಬಟಾಟ್ಯಾಚೀ ಚಾಳ'ದಲ್ಲಿ ಒಬ್ಬರೇ ನಿಂತು ಒಂದು ಇಡೀ ವಠಾರವನ್ನು ರಂಗಕ್ಕೆ ತಂದವರು, ದೂರದರ್ಶನದ ಆರಂಭದ ದಿನಗಳಲ್ಲಿ ಅಲ್ಲೂ ದುಡಿದವರು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಇದೇ ಪುಣೆಯಲ್ಲಿ 'ಶಾಕುಂತಲ'ದ ಮೂಲಕ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ದೂರದರ್ಶನದ ಕ್ಯಾಮೆರಾದವರು, ನಿರ್ಮಾಪಕರು ತರಬೇತಿ ಪಡೆಯುವ ಟೀವಿ ವಿಭಾಗ ದೆಹಲಿಯಿಂದ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದದ್ದು 1974ರಲ್ಲಿ. ಆಗ ಆ ಸಂಸ್ಥೆಯ ನಿರ್ದೇಶಕರು ಯಾರು ಗೊತ್ತೇ? ನಮ್ಮ ಗಿರೀಶ ಕಾರ್ನಾಡ.

ಇಷ್ಟೆಲ್ಲ ಇದ್ದೂ ಒಂದು ಕೊರಗು. ಆ ಕಂತುಗಳಲ್ಲಿ ಎಷ್ಟು ಉಳಿದಿವೆ? ಆ ಕಾಲದ ವಿಡಿಯೋ ಟೇಪು ಎರಡಿಂಚು ಅಗಲದ್ದು, ಬೆಲೆ ವಿಪರೀತ. ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಅದರ ಮೇಲೆಯೇ ಇನ್ನೊಂದನ್ನು ತುಂಬುವುದು ರೂಢಿ. ಬರೀ ನಮ್ಮ ಬಡತನ ಎಂದುಕೊಳ್ಳಬೇಡಿ. ಬ್ರಿಟನ್ನಿನ ಬಿಬಿಸಿ ಕೂಡ ಅರವತ್ತರ ದಶಕದ ಪೀಟರ್ ಕುಕ್ ಮತ್ತು ಡಡ್ಲಿ ಮೂರ್ ಜೋಡಿಯ ಸ್ಕೆಚ್ ಕಂತುಗಳನ್ನು ಹೀಗೇ ಅಳಿಸಿಹಾಕಿತು. ಟೇಪಿನ ದುಡ್ಡು ನಾನೇ ಕೊಡುತ್ತೇನೆ, ಉಳಿಸಿ ಎಂದು ಕುಕ್ ಕೇಳಿಕೊಂಡರೂ ಕೇಳಲಿಲ್ಲವಂತೆ! ನಗೆಗೆ ಬೆಲೆ ಇದೆ, ನಗೆಯ ಟೇಪಿಗೆ ಇಲ್ಲ ಎಂಬುದು ಆಗಿನ ಲೆಕ್ಕ.

ಪುಣೆಯಲ್ಲಿ ಕೂತು ಇದನ್ನು ಹೇಳುವಾಗ ಇನ್ನಷ್ಟು ಚುಚ್ಚುತ್ತದೆ. ಏಕೆಂದರೆ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಪಿ. ಕೆ. ನಾಯರ್ ಎಂಬ ಮಹಾನುಭಾವರು ದೇಶವೆಲ್ಲ ಅಲೆದು, ಗೋದಾಮು, ಗುಜರಿ ಎನ್ನದೆ ಹುಡುಕಿ ಹಳೆಯ ಸಿನಿಮಾ ಡಬ್ಬಗಳನ್ನು ತಂದು ಕೂಡಿಟ್ಟರು. ಆದರೂ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934) ಯಾರ ಕೈಗೂ ಸಿಗಲಿಲ್ಲ. ಪುಣೆಯಿಂದ ನಾಲ್ಕೈದು ಗಂಟೆ ದಾರಿಯ ಕೊಲ್ಹಾಪುರದಲ್ಲಿ ಚಿತ್ರೀಕರಣವಾದ ಸಿನಿಮಾ ಅದು. ಒಂದು ಪ್ರತಿಯೂ ಉಳಿದಿಲ್ಲ. ಆಗಿನ ಜಾಹೀರಾತು, ಕೆಲವು ಫೋಟೋ, ನೋಡಿದವರ ಬರಹ, ಇವೇ ನಮಗೆ ಆಧಾರ. ಸಿನಿಮಾಕ್ಕೆ ಒಬ್ಬ ನಾಯರ್ ಇದ್ದರು. ಟೀವಿಯ ನಗೆಗೆ ಅಂಥವರೊಬ್ಬರು ಸಿಗಲಿಲ್ಲ. ಅದಕ್ಕೇ ನಾನು ಹೇಳುವುದು, ನೇರ ಹಾಸ್ಯದ ವಿಮರ್ಶೆಯೆಂದರೆ ತೀರ್ಪಲ್ಲ, ಸಾಕ್ಷಿ. ಟೇಪು ಅಳಿದ ಮೇಲೆ ಉಳಿಯುವುದು ಅದನ್ನು ಕಂಡವರ ಮಾತೊಂದೇ.

ನಮ್ಮ ರಂಗಭೂಮಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಾಸ್ಟರ್ ಹಿರಣ್ಣಯ್ಯನವರ (1934-2019) 'ಲಂಚಾವತಾರ'ವನ್ನು ಎರಡು ಸಲ ನೋಡಿದವರು ಎರಡು ಬೇರೆ ನಾಟಕ ನೋಡಿದಂತೆ. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದ ಹಗರಣ ರಾತ್ರಿ ಅವರ ಬಾಯಲ್ಲಿ. ಎದುರು ಸಾಲಿನಲ್ಲಿ ಮಂತ್ರಿ ಕೂತಿದ್ದರೆ ಇನ್ನೂ ಎರಡು ಮಾತು ಹೆಚ್ಚು. ಅಚ್ಚಾದ ನಾಟಕದಲ್ಲಿ ಹುಡುಕಿದರೆ ಅವು ಸಿಗುವುದಿಲ್ಲ. ಮರಾಠಿ ತಮಾಷಾದ ಸೋಂಗಾಡ್ಯಾ ಬತಾವಣಿಯೂ ಹಾಗೆಯೇ. ವಸಂತ ಸಬನೀಸ್ ಬರೆದ 'ವಿಚ್ಛಾ ಮಾಝೀ ಪುರೀ ಕರಾ'ದಲ್ಲಿ ದಾದಾ ಕೋಂಡ್ಕೆ ದಿನಕ್ಕೊಂದು ಹೊಸ ರಾಜಕೀಯ ಚೇಷ್ಟೆ ಸೇರಿಸುತ್ತಿದ್ದರು. ಬಾಗಲಕೋಟೆ-ಬೆಳಗಾವಿ ಕಡೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನಿಗೂ ವೇಷಕ್ಕೂ ನಡೆಯುವ ಜಟಾಪಟಿ ನೋಡಿದ್ದೀರಲ್ಲ? ಯಾವ ಊರಿನಲ್ಲಿ ಆಟವೋ ಆ ಊರಿನ ಗೌಡನ ಜಿಪುಣತನವೂ ಒಳಗೆ ಬರುತ್ತದೆ. ನ್ಯೂಯಾರ್ಕಿನವರು ಶನಿವಾರ ರಾತ್ರಿ ಮಾಡಿದ್ದನ್ನು ನಮ್ಮವರು ಯಾವ ರಾತ್ರಿ ಬೇಕಾದರೂ ಮಾಡುತ್ತಿದ್ದರು. ಅವರಿಗೆ ಕ್ಯಾಮೆರಾ ಇತ್ತು, ಇವರಿಗೆ ಪೆಟ್ರೋಮ್ಯಾಕ್ಸ್!

ಹಾಗಾದರೆ ಈ ಜೀವಂತಿಕೆ ಟೀವಿಗೆ ಬಂತೇ? ಅರ್ಧ ಬಂತು ಎನ್ನಬೇಕು. ದೂರದರ್ಶನದಲ್ಲಿ 1989ರಲ್ಲಿ ಜಸ್ಪಾಲ್ ಭಟ್ಟಿಯ 'ಫ್ಲಾಪ್ ಶೋ' ಬಂದಾಗ ಸರ್ಕಾರಿ ಪರದೆಯ ಮೇಲೇ ಸರ್ಕಾರಿ ಕಚೇರಿಯ ಮಾನ ಹರಾಜಾಯಿತು. ಹತ್ತೇ ಕಂತು, ಇಂದಿಗೂ ಜನ ನೆನೆಯುತ್ತಾರೆ. ಆಮೇಲೆ ಉದಯ ಟೀವಿ (1994), ಈಟೀವಿ ಕನ್ನಡ (2000). 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಕಾಲ ನಮ್ಮಲ್ಲಿ ಬಹಳ ಮಂದಿಗೆ ನೆನಪಿದೆ. ಡಾ. ವಿಠಲ್ ರಾವ್ ಆಗಿ ರವಿಶಂಕರ್ ಬಾಯಿ ತೆರೆದರೆ ಸಾಕಿತ್ತು. ಆದರೆ ಅವು ಧಾರಾವಾಹಿಯ ಜಾತಿಗೆ ಸೇರಿದವು. ಪ್ರೇಕ್ಷಕರ ಎದುರು ತುಣುಕು ತುಣುಕಾಗಿ ಆಡುವ ಸ್ಕಿಟ್ಟಿನ ಸುಗ್ಗಿ ಕನ್ನಡದಲ್ಲಿ ಶುರುವಾದದ್ದು 2015ರ 'ಮಜಾ ಟಾಕೀಸ್', 2016ರ 'ಕಾಮಿಡಿ ಕಿಲಾಡಿಗಳು' ಇವುಗಳಿಂದ.

'ಮಜಾ ಟಾಕೀಸ್' ನಡೆಸಿಕೊಟ್ಟ ಸೃಜನ್ ಲೋಕೇಶ್ ಯಾರ ಮೊಮ್ಮಗ ಎಂದು ಗೊತ್ತಲ್ಲ? 'ಸತಿ ಸುಲೋಚನಾ'ದ ನಾಯಕ ಎಂ. ವಿ. ಸುಬ್ಬಯ್ಯ ನಾಯ್ಡು ಅವರ ಮೊಮ್ಮಗ. ಅಜ್ಜನ ಸಿನಿಮಾ ಕಳೆದುಹೋಗಿದೆ, ಮೊಮ್ಮಗನ ಪ್ರತಿ ಕೆಮ್ಮೂ ಇಂಟರ್ನೆಟ್ಟಿನಲ್ಲಿದೆ! ಆ ಶೋನ ಚೌಕಟ್ಟು ಹಿಂದಿಯ ಕಪಿಲ್ ಶರ್ಮಾ ದಾರಿಯದು. ಗಂಡ-ಹೆಂಡತಿ ಕೀಟಲೆ, ಬಂದ ಸಿನಿಮಾ ತಂಡದ ಪ್ರಚಾರ, ಸೀರೆ ಉಟ್ಟ ಗಂಡಸು. ಹೆಂಡತಿಯ ಮೇಲಿನ ಜೋಕುಗಳು ಎಷ್ಟೋ ಕಂತುಗಳಲ್ಲಿ ಹಳಸಿದ ಸಾರಿನಂತಿದ್ದವು. ಅದನ್ನು ಹೇಳದಿದ್ದರೆ ಸಾಕ್ಷಿ ಸುಳ್ಳಾಗುತ್ತದೆ. ಆದರೆ ಒಂದು ಪಾತ್ರ ಮಾತ್ರ ಬೇರೆ: ಅಪರ್ಣಾ ಅವರ 'ಒನ್ ಅಂಡ್ ಓನ್ಲಿ' ವರಲಕ್ಷ್ಮಿ.

ರೇಡಿಯೋ ಕೇಳುವವರಿಗೆ ಅಪರ್ಣಾ ಪರಿಚಯ ಹೇಳಬೇಕಿಲ್ಲ. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಮೂಲಕ ಬಂದವರು. ಆಕಾಶವಾಣಿ, ದೂರದರ್ಶನ, ಸರ್ಕಾರಿ ಸಮಾರಂಭ, ಎಲ್ಲಿ ಅಚ್ಚುಕಟ್ಟಾದ ಕನ್ನಡ ಬೇಕೋ ಅಲ್ಲಿ ಅವರ ದನಿ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದು ಎಂದು ಹೇಳಿದ್ದೂ ಅದೇ ದನಿ. ಅಂಥ ದನಿ ವರಲಕ್ಷ್ಮಿಯಾಗಿ ವಯ್ಯಾರ ಮಾಡುತ್ತ, ಸುಳ್ಳು ಜಂಬ ಕೊಚ್ಚಿಕೊಳ್ಳುತ್ತ ಬಂದಾಗ ಜನ ಬಿದ್ದು ಬಿದ್ದು ನಕ್ಕರು. ಯಾಕೆ ನಕ್ಕರು? ಅವರು ಗೇಲಿ ಮಾಡಿದ್ದು ಬೇರೆಯವರ ಬಣ್ಣವನ್ನಲ್ಲ, ಮೈಕಟ್ಟನ್ನಲ್ಲ, ಊರಿನ ಮಾತನ್ನಲ್ಲ. ತಮ್ಮದೇ ಗಾಂಭೀರ್ಯವನ್ನು. ಮೂವತ್ತು ವರ್ಷ ಕಾಪಾಡಿಕೊಂಡ ಶುದ್ಧ ಉಚ್ಚಾರಣೆಯನ್ನೇ ಅವರು ಆಟದ ಸಾಮಾನು ಮಾಡಿಕೊಂಡರು. ಅದಕ್ಕೆ ಬಹಳ ಧೈರ್ಯ ಬೇಕು. 2024ರ ಜುಲೈ 11ರಂದು ಅವರು ತೀರಿಕೊಂಡಾಗ ಎಷ್ಟೋ ಜನ ಹಂಚಿಕೊಂಡದ್ದು ಸಮಾರಂಭಗಳ ನಿರೂಪಣೆಯ ಜೊತೆಗೆ ವರಲಕ್ಷ್ಮಿಯ ತುಣುಕುಗಳನ್ನೂ.

'ಕಾಮಿಡಿ ಕಿಲಾಡಿಗಳು' ಇನ್ನೊಂದು ಬಗೆ. ಜಗ್ಗೇಶ್, ರಕ್ಷಿತಾ, ಯೋಗರಾಜ್ ಭಟ್ ತೀರ್ಪುಗಾರರು. ಸ್ಪರ್ಧಿಗಳು ಸಣ್ಣ ಊರುಗಳ ನಾಟಕದ ಹುಡುಗರು. ಮೊದಲ ಆವೃತ್ತಿ ಗೆದ್ದದ್ದು ಶಿವರಾಜ್ ಕೆ. ಆರ್. ಪೇಟೆ, ಮೂರನೆಯದು ಕರಾವಳಿಯ ರಾಕೇಶ್ ಪೂಜಾರಿ. ರಾಕೇಶ್ 2025ರ ಮೇ 12ರಂದು ಇನ್ನೂ ಎಳೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋಗಿಬಿಟ್ಟ. ಅವನು ನಟಿಸಿದ್ದ 'ಕಾಂತಾರ: ಅಧ್ಯಾಯ 1' ಅಕ್ಟೋಬರಿನಲ್ಲಿ ತೆರೆಗೆ ಬಂದಾಗ ಥಿಯೇಟರಿನಲ್ಲಿ ನಗುತ್ತಲೇ ಗಂಟಲು ಕಟ್ಟಿದವರಿದ್ದಾರೆ. ಆ ಶೋನ ದೊಡ್ಡ ಉಪಕಾರ ಇದೇ: ಕಂಪೆನಿ ನಾಟಕ, ಯಕ್ಷಗಾನ, ತುಳು ರಂಗಭೂಮಿ, ಜಾತ್ರೆಯ ವೇದಿಕೆ ಇಲ್ಲಿಂದೆಲ್ಲ ನಟರನ್ನು ತಂದು ನಾಡಿನ ಎದುರು ನಿಲ್ಲಿಸಿತು.

ಈಗ ಸಾಕ್ಷಿಯ ಇನ್ನೊಂದು ಭಾಗ. ಈ ಶೋಗಳು ಪ್ರೇಕ್ಷಕರ ಎದುರು ಆಡಿದ್ದು ನಿಜ, ಆದರೆ ನೇರ ಪ್ರಸಾರವಲ್ಲ. ಚಿತ್ರೀಕರಿಸಿ, ಕತ್ತರಿಸಿ, ಪ್ರತಿ ಮಾತಿಗೂ 'ಟುಂಯ್' ಎಂಬ ಸದ್ದು ಸೇರಿಸಿ, ನಗುವ ತೀರ್ಪುಗಾರರ ಮುಖ ನಡುನಡುವೆ ಅಂಟಿಸಿ ಕಳಿಸಿದ್ದು. ನ್ಯೂಯಾರ್ಕಿನ ಶನಿವಾರದ ಶೋನಲ್ಲಿ ಜೋಕು ಬಿದ್ದುಹೋದರೆ ಆ ಮೌನ ನಮಗೂ ಕೇಳಿಸುತ್ತದೆ. ಹಿರಣ್ಣಯ್ಯನವರ ನಾಟಕದಲ್ಲೂ ಕೇಳಿಸುತ್ತಿತ್ತು. ಇಲ್ಲಿ ಕೇಳಿಸುವುದಿಲ್ಲ. ಜನ ಯಾವುದಕ್ಕೆ ನಗಲಿಲ್ಲ ಎಂಬುದನ್ನೇ ಎಡಿಟಿಂಗ್ ಕೋಣೆ ನುಂಗಿಬಿಡುತ್ತದೆ. ಹಾಗಾಗಿ ಇಂಥ ಕಂತನ್ನು ವಿಮರ್ಶಿಸುವವನು ಒಮ್ಮೆ ಮ್ಯೂಟ್ ಮಾಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಬೇಕು. ಕಣ್ಣು ಮುಚ್ಚಿ ಕೇಳುವುದರಲ್ಲಿ ನಮ್ಮ ರೇಡಿಯೋ ಕೇಳುಗರನ್ನು ಮೀರಿಸುವವರುಂಟೇ?

ಹಾಗೆ ಕೇಳಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಬಹಳ ವರ್ಷ ಕನ್ನಡ ಸಿನಿಮಾ-ಟೀವಿಯಲ್ಲಿ ಉತ್ತರ ಕರ್ನಾಟಕದ ಮಾತು ಅಂದರೆ ಅದೇ ಒಂದು ಜೋಕು. ಪಾತ್ರ ಬಂದು "ಏನ್ರೀ ಯಪ್ಪಾ, ಹಿಂಗ್ಯಾಕ ಮಾಡ್ತೀರಿ" ಅಂದರೆ ಸಾಕು, ಮುಂದೆ ಜೋಕು ಬರೆಯುವ ತೊಂದರೆಯೇ ಇಲ್ಲ. ಮರಾಠಿಯಲ್ಲಿ ಕನ್ನಡದ ಧಾಟಿಯ ಮರಾಠಿ ಆಡುವ 'ಅಣ್ಣಾ' ಪಾತ್ರಗಳಿಗೂ ಇದೇ ಗತಿ. ಕೊಂಢವಾದ ಹನ್ನೊಂದನೇ ಮಹಡಿಯ ಟೀವಿಯಲ್ಲಿ ಆ ಜೋಕು ಬಂದಾಗ ಮನೆಯವರು ನಗುತ್ತಾರೆ. ಅದೇ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುವ ಅವ್ವ ಅಫಜಲಪುರದವಳು. ಟೀವಿಯಲ್ಲಿ ನಗೆಪಾಟಲಾದದ್ದು ಅವಳು ಮನೆಯಲ್ಲಿ ಮಕ್ಕಳನ್ನು ಮುದ್ದಿಸುವ ಮಾತು. ಅವಳೂ ನಗಬಹುದು. ಆದರೆ ಆ ಎರಡು ನಗು ಒಂದೇ ಅಲ್ಲ. ಕನ್ನಡ ಟೀವಿಯ ಮೊದಲ ಪ್ರೇಕ್ಷಕರಾಗಿದ್ದ ಸೀಮೆಯ ಮಾತು ಮೂವತ್ತು-ನಲವತ್ತು ವರ್ಷದಲ್ಲಿ ಕನ್ನಡ ಟೀವಿಯ ಜೋಕಾದದ್ದು ಹೇಗೆ? ನನ್ನ ಅಂದಾಜು ಹೇಳುತ್ತೇನೆ. 1975ರಲ್ಲಿ ಕಾರ್ಯಕ್ರಮ ಮಾಡುವವರು ಹಳ್ಳಿಗೆ ಹೋಗಿ "ಹೆಂಗಿತ್ತು?" ಎಂದು ಕೇಳಬೇಕಿತ್ತು. ಆಮೇಲೆ ಆ ಕೆಲಸವನ್ನು ರೇಟಿಂಗ್ ಪೆಟ್ಟಿಗೆಗೆ ವಹಿಸಿದರು. ಟೀವಿ ಆನ್ ಆಗಿದೆಯೇ ಎಂದು ಪೆಟ್ಟಿಗೆ ಹೇಳುತ್ತದೆ. ಎದುರಿಗೆ ಕೂತವರ ಮುಖ ಹೇಗಿದೆ ಎಂದು ಅದು ಹೇಳಲಾರದು.

ನಮ್ಮ ಮರಾಠಿ ನೆರೆಹೊರೆಯವರೂ ಇದೇ ದಾರಿಯಲ್ಲಿ ಬಂದವರು. 'ಫೂ ಬಾಯೀ ಫೂ' (2010), 'ಚಲಾ ಹವಾ ಯೇವೂ ದ್ಯಾ' (2014), 'ಮಹಾರಾಷ್ಟ್ರಾಚೀ ಹಾಸ್ಯಜತ್ರಾ' (2018). ಸೀರೆ ಉಟ್ಟ ಗಂಡಸರು ಅಲ್ಲೂ ಧಾರಾಳ. ಆದರೆ 'ಚಲಾ ಹವಾ'ದಲ್ಲಿ ಒಂದು ಪದ್ಧತಿ ಬೆಳೆಯಿತು. ಒಂದು ಗಂಟೆ ನಕ್ಕ ಮೇಲೆ ಸಾಗರ್ ಕಾರಂಡೆ ಪೋಸ್ಟ್‌ಮನ್ ವೇಷದಲ್ಲಿ ಬಂದು ಒಂದು ಪತ್ರ ಓದುತ್ತಿದ್ದ. ಅತಿಥಿಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ಸ್ವಲ್ಪ ಅತಿಯಾಯಿತು ಎಂದು ಮೂಗು ಮುರಿಯುವವರಿದ್ದಾರೆ, ಕೆಲವು ಕಂತುಗಳಲ್ಲಿ ನನಗೂ ಹಾಗೆ ಅನ್ನಿಸಿದೆ. ಆದರೂ ಟುಂಯ್ ಸದ್ದಿಲ್ಲದೆ ಎರಡು ನಿಮಿಷ ಒಬ್ಬ ಹಾಸ್ಯನಟನ ಬರೀ ದನಿ ಕೇಳಲು ಬಿಟ್ಟರಲ್ಲ, ಅಷ್ಟಕ್ಕಾದರೂ ಮೆಚ್ಚಬೇಕು. ಅದು ಸಿಂಹಗಡದ ಗೋಪುರದ ಕಾಲದ ಟೀವಿಯಂತೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ರೇಡಿಯೋದಂತೆ ಇರುತ್ತಿತ್ತು.

ಹಾಗೆಂದು ಶೆಡ್ಡಿನವರು ಸುಮ್ಮನೆ ಕೂತಿಲ್ಲ. ಅವರ ಮೊಬೈಲಿನಲ್ಲಿ ಈಗ ಓಡುತ್ತಿರುವುದು ಬೇರೆಯೇ. ಶಿವಪುತ್ರ ಯಶಾರಧಾ, ಮಲ್ಲು ಜಮಖಂಡಿ ಇಂಥವರು ಯೂಟ್ಯೂಬಿಗೆ ಹಾಕುವ ಸ್ಕಿಟ್ಟುಗಳು. ಸೆಟ್ಟಿಲ್ಲ, ತೀರ್ಪುಗಾರರಿಲ್ಲ. ಹೊಲ, ಕಟ್ಟೆ, ಚಹಾದಂಗಡಿ, ಮಾವ-ಅಳಿಯ, ಸಾಲ ಕೊಟ್ಟವನು, ಸಾಲ ಕೊಡದವನು. ಇಲ್ಲಿ ಉತ್ತರ ಕರ್ನಾಟಕದ ಮಾತೇ ಕಥೆ ಹೇಳುವ ಮಾತು. ಪ್ಯಾಂಟು ಹಾಕಿಕೊಂಡು ಬಂದು ಬೆಂಗಳೂರು ಕನ್ನಡ ಆಡುವವನೇ ಕೋಡಂಗಿ. ಕುರ್ಚಿ ಅದಲು ಬದಲಾಗಿದೆ ನೋಡಿ! ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಹೆಂಗಸರ ಮೇಲಿನ ಅಗ್ಗದ ಮಾತು ಈ ಕಡೆಯೂ ಉಂಟು, ಎಳೆದು ಎಳೆದು ಉದ್ದ ಮಾಡಿದ್ದೂ ಉಂಟು. ಆದರೆ ಯಾರ ಅಂಗಳದಲ್ಲಿ 1975ರಲ್ಲಿ ಬಲೆಯ ಛತ್ರಿ ನಿಂತಿತ್ತೋ ಅವರ ಮೊಮ್ಮಕ್ಕಳು ಈಗ ಕ್ಯಾಮೆರಾದ ಈಚೆ ಬದಿಗೆ ಬಂದಿದ್ದಾರೆ. ಪತ್ರಿಕೆಗಳಲ್ಲಿ ಇವುಗಳ ವಿಮರ್ಶೆ ಕಣ್ಣಿಗೆ ಬಿದ್ದದ್ದು ಕಡಿಮೆ. ಹಾಗಾಗಿ ಕಂತು ಹಿಡಿದು ಬರೆಯುವುದಾದರೆ ಬರುವ ಸಂಚಿಕೆಯಿಂದ ಇವುಗಳನ್ನೂ ಸೇರಿಸಿಕೊಂಡೇ ಬರೆಯೋಣ ಎಂದು ನಮ್ಮ ಆಲೋಚನೆ.

ಅದಕ್ಕೆ ಮೊದಲು ಕೇಳುಗರಲ್ಲಿ ಒಂದು ಕೆಲಸದ ಕೋರಿಕೆ. ನಿಮ್ಮ ಮನೆಯಲ್ಲಿ, ನಿಮ್ಮ ಸೊಸೈಟಿಯಲ್ಲಿ ಕೆಲಸಕ್ಕೆ ಬರುವವರಲ್ಲಿ, ಪಕ್ಕದ ಸೈಟಿನ ವಾಚ್‌ಮನ್ ಕಾಕಾನ ಬಳಿ ಒಮ್ಮೆ ವಿಚಾರಿಸಿ. ಗುಲಬರ್ಗಾ, ಬಿಜಾಪುರ, ರಾಯಚೂರು ಕಡೆಯವರಾಗಿದ್ದು 1975-76ರಲ್ಲಿ ಊರ ಟೀವಿಯ ಎದುರು ಕೂತವರು ಯಾರಾದರೂ ಸಿಕ್ಕರೆ, ಆಗ ಏನು ತೋರಿಸಿದರು, ಯಾವುದಕ್ಕೆ ನಕ್ಕರು, ಯಾವುದಕ್ಕೆ ನಗದೆ ಎದ್ದುಹೋದರು, ಅವರ ಬಾಯಿಮಾತಿನಲ್ಲೇ ಬರೆದು ಕಳಿಸಿ. ಮಾತನ್ನು ತಿದ್ದಬೇಡಿ. "ಹಂಗ ಅಲ್ರೀ" ಅಂದಿದ್ದರೆ "ಹಂಗ ಅಲ್ರೀ" ಅಂತಲೇ ಇರಲಿ.